ಅಯ್ಯನವರಿಗೆ ವರ್ಗವಾದರೂ ಉಳಿಯುವ ಯೋಜನೆ: ಸಭೆಗೆ ಹತ್ತು ವರ್ಷದ ದರ್ಶನ ಬರೆಯುವುದು ಹೇಗೆ

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ವೆಸ್ಟ್ರಿ ಕೋಣೆಯಲ್ಲಿ, ಬೀರುವಿನ ಹಿಂದೆ, ಸುತ್ತಿಟ್ಟ ಒಂದು ಫ್ಲೆಕ್ಸ್ ಇದೆ. ಬಿಚ್ಚಿದರೆ ದೊಡ್ಡ ಅಕ್ಷರದಲ್ಲಿ ‘ದರ್ಶನ 2020’ ಅಂತ ಕಾಣುತ್ತದೆ. ಕೆಳಗೆ ಹನ್ನೆರಡು ಗುರಿಗಳು. ಸಭೆ ಎರಡರಷ್ಟಾಗಬೇಕು, ಐದು ಹೊಸ ಪ್ರಾರ್ಥನಾ ಕೂಟ ಶುರುವಾಗಬೇಕು, ಸಮುದಾಯ ಭವನ ಏಳಬೇಕು, ಹೀಗೆ. ಆಗಿದ್ದ ಅಯ್ಯನವರು, ಅಂದರೆ ಸಭಾಪಾಲಕರು, ಬಹಳ ಹುರುಪಿನಿಂದ ಮಾಡಿಸಿದ್ದರು. ಎರಡನೇ ವರ್ಷಕ್ಕೆ ಅವರಿಗೆ ವರ್ಗವಾಯಿತು. ಆಮೇಲೆ ಒಂದು ಮಳೆಗಾಲ ಆ ಫ್ಲೆಕ್ಸನ್ನು ಸೋರುವ ಕಿಟಕಿಗೆ ಅಡ್ಡ ಕಟ್ಟಿದ್ದೆವು. ಅದರಿಂದ ಸಭೆಗೆ ಆದ ಉಪಯೋಗ ಅಷ್ಟೇ.

ತಪ್ಪು ಅಯ್ಯನವರದಲ್ಲ. ಆ ಹನ್ನೆರಡು ಗುರಿಗಳಲ್ಲಿ ಒಂದನ್ನೂ ನಾವು ಬರೆದಿರಲಿಲ್ಲ. ಅವರು ಓದಿದರು, ನಾವು ‘ಆಮೆನ್’ ಅಂದೆವು, ಬಿರಿಯಾನಿ ಊಟ ಮಾಡಿ ಮನೆಗೆ ಹೋದೆವು. ಎರಡನೇ ಸಲ ಮಾಡುವಾಗ ಬೇರೆ ದಾರಿ ಹಿಡಿದೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ನನ್ನ ಕಣ್ಣ ಮುಂದಿರುವುದು ಜಿಲ್ಲೆ ಅಥವಾ ತಾಲ್ಲೂಕು ಕೇಂದ್ರದ ಒಂದು ಕನ್ನಡ ಪ್ರೊಟೆಸ್ಟೆಂಟ್ ಸಭೆ. ಅರವತ್ತರಿಂದ ಇನ್ನೂರು ಕುಟುಂಬ. ಸಭಾಪಾಲಕರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಕಮಿಟಿಗೆ ಚುನಾವಣೆ ನಡೆಯುತ್ತದೆ, ಮೇಲೆ ಹಲವು ಸಭೆಗಳನ್ನು ನೋಡಿಕೊಳ್ಳುವ ಡಯಾಸಿಸ್ ಅಥವಾ ಕಾನ್ಫರೆನ್ಸ್ ಇದೆ. ಸ್ವತಂತ್ರ ಸಭೆಯವರು ತಮಗೆ ಹೊಂದುವಷ್ಟನ್ನು ತೆಗೆದುಕೊಳ್ಳಬಹುದು.

ಮೊದಲು ಬೈಬಲಿನ ಒಂದು ವಚನದ ವಿಷಯ

ಯೋಜನೆ ಮಾಡುವ ಮೀಟಿಂಗ್ ಶುರುವಾದ ಕೂಡಲೇ ಯಾರಾದರೂ ಒಬ್ಬರು ಜ್ಞಾನೋಕ್ತಿ 29:18 ಓದುತ್ತಾರೆ. ದರ್ಶನ ಇಲ್ಲದ ಕಡೆ ಜನ ಅಂಕೆ ಮೀರುತ್ತಾರೆ ಎನ್ನುವ ಮಾತು. ಅದನ್ನು ‘ಗುರಿ ಇಲ್ಲದ ಸಭೆ ಹಾಳಾಗುತ್ತದೆ’ ಅಂತ ಅರ್ಥ ಮಾಡಿಸುವುದು ರೂಢಿ. ಆದರೆ ಅಲ್ಲಿ ದರ್ಶನ ಅಂದರೆ ಪ್ರವಾದಿಗೆ ದೇವರಿಂದ ಬರುವ ಮಾತು. ಅದೇ ವಚನದ ಎರಡನೇ ಅರ್ಧ ಧರ್ಮೋಪದೇಶ ಪಾಲಿಸುವವನ ಬಗ್ಗೆ ಹೇಳುತ್ತದೆ. ಕಮಿಟಿ ಕೂತು ಬರೆಯುವ ಪಟ್ಟಿಗೂ ಅದಕ್ಕೂ ಸಂಬಂಧ ಕಮ್ಮಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಯೋಜನೆಗೆ ‘ದೇವರ ದರ್ಶನ’ ಅಂತ ಹೆಸರಿಟ್ಟ ಮೇಲೆ ಯಾರೂ ಅದನ್ನು ಪ್ರಶ್ನೆ ಮಾಡುವ ಹಾಗಿಲ್ಲ. ಪ್ರಶ್ನೆ ಮಾಡಿದವರಿಗೆ ವಿಶ್ವಾಸ ಕಮ್ಮಿ ಅಂತಾಗುತ್ತದೆ. ಹಾಗಾಗಿ ನಾವು ಅದನ್ನು ಸುಮ್ನೆ ‘ಹತ್ತು ವರ್ಷದ ಯೋಜನೆ’ ಅಂತ ಕರೆದೆವು. ತಿದ್ದಲು ಧೈರ್ಯ ಬಂತು. ನನಗೆ ಈ ಕೆಲಸಕ್ಕೆ ಹತ್ತಿರವಾಗಿ ಕಾಣುವುದು ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ಬೈಬಲಿನ ನೆಹೆಮೀಯ. ಯೆರೂಸಲೇಮಿಗೆ ಬಂದವನು ಭಾಷಣ ಮಾಡಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿ ಎದ್ದು, ಬಿದ್ದ ಗೋಡೆಯನ್ನು ಸುತ್ತಿ ನೋಡಿದ. ಜನರ ಹತ್ತಿರ ಮಾತಾಡಿದ್ದು ಆಮೇಲೆ.

ಹಂತ 1: ಕೂರುವವರು ಯಾರು

ಒಂಬತ್ತು ಜನ ಸಾಕು. ಅದರಲ್ಲಿ ಕಮಿಟಿಯವರು ನಾಲ್ಕು ಜನಕ್ಕಿಂತ ಜಾಸ್ತಿ ಬೇಡ. ಉಳಿದವರನ್ನು ಬೇಕೆಂದೇ ಹುಡುಕಬೇಕು: ಸ್ತ್ರೀಯರ ಸಂಘದಿಂದ ಇಬ್ಬರು, ಇಪ್ಪತ್ತೈದು ದಾಟದ ಒಬ್ಬರು, ಮದುವೆಯಾಗಿ ಬೇರೆ ಸಭೆಯಿಂದ ಬಂದ ಸೊಸೆ ಒಬ್ಬರು, ಚರ್ಚಿನಿಂದ ದೂರದ ಬಡಾವಣೆಯಲ್ಲಿರುವ ಒಬ್ಬರು. ಸೊಸೆಯನ್ನು ಬಿಡಬೇಡಿ. ಹೊಸದಾಗಿ ಬಂದವರಿಗೆ ನಮ್ಮ ಸಭೆಯಲ್ಲಿ ಏನು ವಿಚಿತ್ರ ಅನ್ನಿಸಿತು ಅನ್ನುವುದು ಅವರಿಗೆ ಮಾತ್ರ ನೆನಪಿರುತ್ತದೆ.

ಅಯ್ಯನವರು ಇರಲೇಬೇಕು, ಆದರೆ ನಡಾವಳಿ ಪುಸ್ತಕ ಸಭಿಕರೊಬ್ಬರ ಕೈಯಲ್ಲಿರಲಿ. ಈ ತಂಡವನ್ನು ಮಹಾಸಭೆಯಲ್ಲಿ ಠರಾವು ಮಾಡಿಯೇ ನೇಮಿಸಿ. ಇಲ್ಲದಿದ್ದರೆ ಮುಂದಿನ ಕಮಿಟಿ ಬಂದು ‘ಇವರನ್ನು ಯಾರು ಕೂರಿಸಿದ್ದು?’ ಅಂತ ಕೇಳುತ್ತದೆ. ಕೇಳಿಯೇ ಕೇಳುತ್ತದೆ.

ಸಮಯ: ಎಂಟರಿಂದ ಹತ್ತು ತಿಂಗಳು. ಒಂದು ದಿನದ ರಿಟ್ರೀಟಿನಲ್ಲಿ ಮುಗಿಸಿಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮುಗಿಸಿದ್ದೇ ನಮ್ಮ ಫ್ಲೆಕ್ಸ್.

ಹಂತ 2: ರಿಜಿಸ್ಟರ್ ತೆಗೆದು ಕೂರುವುದು

ಇಡೀ ಕೆಲಸದಲ್ಲಿ ಕಷ್ಟದ್ದೂ ಮುಖ್ಯವಾದದ್ದೂ ಇದೇ. ಬೀಗ ಹಾಕಿದ ಕಪಾಟಿನಿಂದ ಐದು ಪುಸ್ತಕ ಹೊರಗೆ ತೆಗೆಯಿರಿ: ಸದಸ್ಯರ ಪಟ್ಟಿ, ದೀಕ್ಷಾಸ್ನಾನ, ದೃಢೀಕರಣ, ಮದುವೆ, ಸಮಾಧಿ. ಕಳೆದ ಹತ್ತು ವರ್ಷಗಳಲ್ಲಿ ವರ್ಷಕ್ಕೆಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸಮಾಧಿಯ ಸಂಖ್ಯೆ ದೀಕ್ಷಾಸ್ನಾನಕ್ಕಿಂತ ಜಾಸ್ತಿ ಇದ್ದರೆ ಯಾರೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಇರಲಿ.

ಆಮೇಲೆ ಹಾಜರಿ. ಹಬ್ಬವಿಲ್ಲದ ಎಂಟು ಭಾನುವಾರ ಎಣಿಸಿ. ಕ್ರಿಸ್ಮಸ್, ಈಸ್ಟರ್, ಸುಗ್ಗಿ ಹಬ್ಬ ಮೂರನ್ನೂ ಬಿಡಿ. ಕಾಣಿಕೆ ಎತ್ತುವ ಹೊತ್ತಿಗೆ ಎಣಿಸಿ, ಯಾಕೆಂದರೆ ಆರಾಧನೆ ಶುರುವಾಗುವಾಗ ಅರ್ಧ ಸಭೆ ಇನ್ನೂ ದಾರಿಯಲ್ಲಿರುತ್ತದೆ. ಮಕ್ಕಳು, ಯುವಕರು, ದೊಡ್ಡವರು, ಅರವತ್ತು ದಾಟಿದವರು ಅಂತ ಬೇರೆ ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು.

ಈಗ ಪಟ್ಟಿಯ ಒಂದೊಂದು ಹೆಸರಿನ ಮುಂದೆಯೂ ಗುರುತು ಹಾಕಬೇಕು. ವಾರವಾರ ಬರುವವರು. ಹಬ್ಬಕ್ಕೆ ಬರುವವರು. ಬೆಂಗಳೂರಿಗೋ ದುಬೈಗೋ ಹೋಗಿ ಹೆಸರು ಮಾತ್ರ ಇಲ್ಲಿ ಬಿಟ್ಟವರು. ಇನ್ನೊಂದು ಗುಂಪಿದೆ, ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ: ಸ್ಮಶಾನದ ಜಾಗಕ್ಕಾಗಿ ಮತ್ತು ಮದುವೆ ಸರ್ಟಿಫಿಕೇಟಿಗಾಗಿ ಚಂದಾ ಕಟ್ಟುವವರು. ಅವರನ್ನು ಹಗುರವಾಗಿ ನೋಡಬೇಡಿ. ಸಾಯುವಾಗ ಇಲ್ಲೇ ಮಲಗಬೇಕು ಅನ್ನುವವರಿಗೆ ಈ ಸಭೆಯ ಜೊತೆ ಏನೋ ನಂಟಿದೆ ಅಂತ ಅರ್ಥ.

ಲೆಕ್ಕ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಒಂದು ಕಾಲ್ಪನಿಕ ಉದಾಹರಣೆ. ಪಟ್ಟಿಯಲ್ಲಿ 140 ಕುಟುಂಬ. ವಾರವಾರ ಯಾರಾದರೂ ಒಬ್ಬರು ಬರುವುದು 62 ಮನೆಯಿಂದ. ಹಬ್ಬಕ್ಕೆ 31. ಊರು ಬಿಟ್ಟವರು 29. ಉಳಿದ 18 ಮನೆಗಳ ಬಗ್ಗೆ ‘ಯಾಕೋ ಬರ್ತಿಲ್ಲ’ ಅನ್ನುವುದು ಬಿಟ್ಟರೆ ಯಾರಿಗೂ ಏನೂ ಗೊತ್ತಿಲ್ಲ. ನಿಮ್ಮ ಹತ್ತು ವರ್ಷದ ಯೋಜನೆ ಶುರುವಾಗಬೇಕಾದದ್ದು ಆ 18 ಮನೆಗಳಿಂದ.

ಆ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ. ಒಂದೇ ನಿಯಮ: ‘ಭಾನುವಾರ ಬನ್ನಿ’ ಅಂತ ಕರೆಯಬಾರದು. ಅವರು ಹೇಳಿದ್ದಕ್ಕೆ ಸಮಜಾಯಿಷಿ ಕೊಡಬಾರದು. ಕಾಫಿ ಕುಡಿದು, ಕೇಳಿಸಿಕೊಂಡು, ಅವರು ಒಪ್ಪಿದರೆ ಪ್ರಾರ್ಥನೆ ಮಾಡಿ ಬರುವುದು. ನಾನು ಹೋದ ಮೊದಲ ಮನೆಯಲ್ಲಿ ಒಬ್ಬರು ವಿಧವೆ ಇದ್ದರು. ಎರಡು ವರ್ಷ ಚಂದಾ ಬಾಕಿಯಿತ್ತಂತೆ. ಬಾಕಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ ವಾರದಿಂದ ಅವರು ಚರ್ಚಿಗೆ ಕಾಲಿಟ್ಟಿಲ್ಲ. ಆ ಪಟ್ಟಿ ಟೈಪ್ ಮಾಡಿದ್ದು ನಾನೇ. ಕೇಳಿಸಿಕೊಂಡು ಬರಬೇಕು ಅನ್ನುವ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಬೇರೆಯವರು ತಂದ ಉತ್ತರಗಳೂ ಅಂಥವೇ. ಗಾಲಿ ಕುರ್ಚಿಯ ಮಗುವನ್ನು ಆರು ಮೆಟ್ಟಿಲು ಹತ್ತಿಸಲಾಗದ ತಾಯಿ. ಮಗಳು ಬೇರೆ ಧರ್ಮದ ಹುಡುಗನನ್ನು ಮದುವೆಯಾದಳು ಅಂತ ಮಾತು ಕೇಳಿದ ಅಪ್ಪ. ಸಮಾಧಿ ಜಾಗದ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಎರಡು ಮನೆ. ದೊಡ್ಡ ಸಿದ್ಧಾಂತದ ಭಿನ್ನಾಭಿಪ್ರಾಯ ಒಂದೂ ಇರಲಿಲ್ಲ. ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಿಸಲು ಎಷ್ಟು ಸಿಮೆಂಟ್ ಬೇಕು ಹೇಳಿ.

ಹಂತ 3: ಗೇಟಿನ ಹೊರಗೆ

ಚರ್ಚನ್ನು ಮಧ್ಯದಲ್ಲಿಟ್ಟು ಸುಮಾರು ಎರಡು ಕಿಲೋಮೀಟರ್ ವ್ಯಾಪ್ತಿಯಲ್ಲಿ ನಡೆದು ನೋಡಿ. ಬೈಕ್ ಬೇಡ. ಬೆಳಿಗ್ಗೆ ಒಂದು ಸಲ, ಸಂಜೆ ಆರರ ಮೇಲೆ ಒಂದು ಸಲ. ನೋಟ್‌ಬುಕ್ ಇರಲಿ. ಹತ್ತು ವರ್ಷದ ಹಿಂದೆ ಹೊಲವಾಗಿದ್ದ ಕಡೆ ಈಗ ಲೇಔಟ್ ಇರುತ್ತದೆ. ಗಾರ್ಮೆಂಟ್ಸ್ ಬಸ್ ನಿಲ್ಲುವ ಜಾಗ, ಪಿಜಿಗಳು, ಜಿಲ್ಲಾಸ್ಪತ್ರೆಯ ಗೇಟಿನ ಹತ್ತಿರ ರಾತ್ರಿ ಚಾಪೆ ಹಾಸಿ ಮಲಗುವ ರೋಗಿಗಳ ಮನೆಯವರು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿಯ ಕುಟುಂಬಗಳು, ಈಶಾನ್ಯ ರಾಜ್ಯಗಳಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗರು. ಆ ಹುಡುಗರಲ್ಲಿ ಎಷ್ಟೋ ಜನ ಕ್ರೈಸ್ತರೇ. ನಮ್ಮ ಊರಿನ ಹೋಟೆಲಿನ ಒಬ್ಬ ಹುಡುಗ ಎರಡು ವರ್ಷದಿಂದ ನಮ್ಮ ಗೇಟಿನ ಮುಂದೆಯೇ ಓಡಾಡುತ್ತಿದ್ದ. ಒಳಗೆ ಬಂದರೆ ಬೈಯುತ್ತಾರೇನೋ ಅಂದುಕೊಂಡಿದ್ದನಂತೆ.

ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಮೆಡಿಕಲ್ ಶಾಪಿನವರು, ಆಟೋ ಸ್ಟ್ಯಾಂಡಿನವರು, ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಇವರನ್ನು ಮಾತಾಡಿಸಿ. ‘ನಮ್ಮ ಚರ್ಚಿನ ಬಗ್ಗೆ ಏನನ್ನಿಸುತ್ತದೆ?’ ಅಂತ ಕೇಳಬೇಡಿ, ಮರ್ಯಾದೆಗೆ ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ‘ಈ ಬೀದಿಯಲ್ಲಿ ಜನಕ್ಕೆ ಯಾವುದು ಕಷ್ಟವಾಗಿದೆ?’ ಅಂತ ಕೇಳಿ.

ಇನ್ನೊಂದು ಮಾತು. ಸೇವೆ ಅನ್ನುವುದು ನಾವೇ ಈ ನಾಡಿಗೆ ತಂದದ್ದು ಅನ್ನುವ ಹಮ್ಮು ಕೆಲವು ಸಭೆಗಳಲ್ಲಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಎಷ್ಟೋ ಕಾಲದಿಂದ ನಡೆದುಕೊಂಡು ಬಂದಿದೆ. ನಿಮ್ಮ ಊರಿನಲ್ಲೂ ಮಠ, ದರ್ಗಾ, ಯುವಕ ಸಂಘ, ರೋಟರಿ ಏನಾದರೂ ಮಾಡುತ್ತಲೇ ಇರುತ್ತವೆ. ಅವರು ಮಾಡುತ್ತಿರುವುದನ್ನು ಇನ್ನೊಮ್ಮೆ ಮಾಡಬೇಡಿ. ಯಾರೂ ನೋಡದ ಕಡೆ ನೋಡಿ. ನಮ್ಮ ಊರಲ್ಲಿ ಆಸ್ಪತ್ರೆಗೆ ಮಧ್ಯಾಹ್ನದ ಊಟ ಕೊಡುವವರು ಮೂರು ಗುಂಪಿದ್ದರು, ರಾತ್ರಿ ಬಿಸಿನೀರು ಕೊಡುವವರು ಒಬ್ಬರೂ ಇರಲಿಲ್ಲ.

ಹಂತ 4: ಕಾನೂನು, ಮರ್ಯಾದೆ, ಎರಡೂ

ಸುವಾರ್ತೆ ಸಾರುವುದು ಸಭೆಯ ಕೆಲಸ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಯಾವ ನೆಲದ ಮೇಲೆ ನಿಂತಿದ್ದೇವೆ ಅಂತ ತಂಡದ ಎಲ್ಲರಿಗೂ ಗೊತ್ತಿರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆಯೇ ಒಂದು ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ನೀವು ಯೋಜನೆ ಬರೆಯುವ ದಿನ ಕಾನೂನು ಹೇಗಿದೆ ಅಂತ ಒಬ್ಬ ವಕೀಲರನ್ನು ಕರೆಸಿ, ತಂಡದ ಮುಂದೆ ಒಂದು ಗಂಟೆ ಮಾತಾಡಿಸಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ.

ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ನಾವೇ ಹಾಕಿಕೊಂಡ ಗೆರೆಗಳಿವೆ. ಸಹಾಯಕ್ಕೂ ಆರಾಧನೆಗೂ ಗಂಟು ಹಾಕಬಾರದು. ಟ್ಯೂಷನ್‌ಗೆ ಬರುವ ಮಗು ಹಾಡು ಕಲಿಯಲೇಬೇಕು ಅನ್ನುವಂತಿಲ್ಲ. ಅಪ್ಪಅಮ್ಮ ಬರೆದು ಕೊಡದೆ ಬೇರೆ ಮನೆಯ ಮಕ್ಕಳನ್ನು ಯಾವ ಕಾರ್ಯಕ್ರಮಕ್ಕೂ ಸೇರಿಸುವಂತಿಲ್ಲ. ರೋಗಿಯ ಹತ್ತಿರ ‘ಮಾತ್ರೆ ಬಿಡಿ’ ಅನ್ನುವಂತಿಲ್ಲ. ಅಕ್ಕಿ ಚೀಲ ಕೊಡುವಾಗ ಫೋಟೋ ಇಲ್ಲ. ಇದಕ್ಕೆ ನಮ್ಮಲ್ಲಿ ಜಾಸ್ತಿ ವಿರೋಧ ಬಂತು, ದಾನಿಗಳಿಗೆ ಏನು ತೋರಿಸುವುದು ಅಂತ. ಲೆಕ್ಕ ತೋರಿಸಿ, ಮುಖ ತೋರಿಸಬೇಡಿ. ಧ್ವನಿವರ್ಧಕ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲ. ಅದು 2000ದ ಶಬ್ದ ಮಾಲಿನ್ಯ ನಿಯಮ. ಹಗಲಲ್ಲೂ ಪಕ್ಕದ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಮಗುವಿದ್ದರೆ ಕಮ್ಮಿ ಮಾಡುವುದು ನಮ್ಮ ನಿಯಮ.

ಮಕ್ಕಳ ವಿಷಯದಲ್ಲಿ ಸಡಿಲ ಬೇಡವೇ ಬೇಡ. ಸಂಡೇ ಸ್ಕೂಲ್ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಮಗುವಿನ ಮೇಲೆ ಲೈಂಗಿಕ ಕಿರುಕುಳವಾಗಿದೆ ಅಂತ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ‘ಸಭೆಯ ಮಾನ ಹೋಗುತ್ತದೆ, ಒಳಗೇ ಮುಗಿಸೋಣ’ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

ಹಂತ 5: ಬರೆಯುವುದು

ಈಗ ನಿಮ್ಮ ಹತ್ತಿರ ಮೂರು ಹಾಳೆ ಇದೆ: ಒಳಗಿನ ಲೆಕ್ಕ, ಬಂದು ನಿಂತುಹೋದವರ ಮಾತು, ಗೇಟಿನ ಹೊರಗಿನ ಚಿತ್ರ. ಒಂದು ಉಪವಾಸ ಪ್ರಾರ್ಥನೆಯ ದಿನ ಇಡೀ ಸಭೆಗೆ ಆ ಮೂರನ್ನೂ ಓದಿ ಹೇಳಿ. ಹೆಸರುಗಳನ್ನು ಬಿಟ್ಟು. ಅವತ್ತು ಗುರಿಯ ಮಾತು ಬೇಡ. ಜನ ಮನೆಗೆ ಹೋಗಿ ಮಾತಾಡಿಕೊಳ್ಳಲಿ.

ಒಂದು ತಿಂಗಳ ನಂತರ ಬರೆಯಲು ಕೂರಿ. ಮೊದಲು ಒಂದೇ ಒಂದು ವಾಕ್ಯ. ನಮ್ಮ ಹಳೆಯ ಫ್ಲೆಕ್ಸಿನ ಮೇಲೆ ಇದ್ದದ್ದು ಹೀಗಿತ್ತು: ‘ಕ್ರಿಸ್ತ ಕೇಂದ್ರಿತ, ಆತ್ಮಭರಿತ, ಸಮಗ್ರ ಪರಿವರ್ತನೆಯ ಸಾಕ್ಷಿ ಸಮುದಾಯವಾಗಿ ರೂಪುಗೊಳ್ಳುವುದು.’ ಇದನ್ನು ಯಾವ ಸಭೆಯ ಗೋಡೆಗೆ ಬೇಕಾದರೂ ಹಾಕಬಹುದು, ಅಲ್ವಾ? ಎರಡನೇ ಸಲ ನಾವು ಬರೆದದ್ದು: ‘ದೂರವಾದ ಮನೆಗಳ ಬಾಗಿಲು ತಟ್ಟುತ್ತೇವೆ, ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲುತ್ತೇವೆ, ಹೊಸ ಲೇಔಟಿನಲ್ಲಿ ಕನ್ನಡದಲ್ಲಿ ಆರಾಧಿಸುವ ಒಂದು ಕೂಟ ಬೆಳೆಸುತ್ತೇವೆ.’ ಸಂಡೇ ಸ್ಕೂಲಿನ ಆರನೇ ತರಗತಿಯ ಮಗು ಇದನ್ನು ಮನೆಗೆ ಹೋಗಿ ಅಜ್ಜಿಗೆ ಹೇಳಿ ಅರ್ಥ ಮಾಡಿಸಿದರೆ ವಾಕ್ಯ ಪಾಸ್.

ಆ ವಾಕ್ಯದಿಂದ ಮೂರು ಕೆಲಸ ಹುಟ್ಟಬೇಕು. ನಾಲ್ಕನೆಯದು ಬೇಡ. ಒಂದೊಂದಕ್ಕೂ ಮೂರು ಅಳತೆ ಬರೆಯಿರಿ: ಹತ್ತನೇ ವರ್ಷಕ್ಕೆ ಏನು ಕಾಣಬೇಕು, ಮೂರನೇ ವರ್ಷಕ್ಕೆ ಎಲ್ಲಿರಬೇಕು, ಮುಂದಿನ ಹನ್ನೆರಡು ತಿಂಗಳಲ್ಲಿ ಯಾರು ಏನು ಮಾಡುತ್ತಾರೆ. ಕೊನೆಯದರಲ್ಲಿ ಹೆಸರಿರಬೇಕು. ‘ಯುವಜನರು’ ಅಂತ ಬರೆದರೆ ಯಾರೂ ಮಾಡುವುದಿಲ್ಲ.

ಹೊಸ ಲೇಔಟಿನ ಕೂಟವನ್ನೇ ತೆಗೆದುಕೊಳ್ಳಿ. ಮೊದಲ ವರ್ಷ: ಅಲ್ಲಿರುವ ನಮ್ಮ ನಾಲ್ಕು ಮನೆಗಳಲ್ಲಿ ಸರದಿಯ ಮೇಲೆ ತಿಂಗಳಿಗೆರಡು ಮನೆ ಪ್ರಾರ್ಥನೆ, ಒಂದು ಗಂಟೆ ಮೀರದಂತೆ, ತಿಂಡಿ ಕಾಫಿಗೆ ಪೈಪೋಟಿ ಇಲ್ಲದಂತೆ. ಒಂದು ಮನೆಯಲ್ಲಿ ಕೇಸರಿಬಾತು, ಮುಂದಿನ ಮನೆಯಲ್ಲಿ ಮೂರು ಬಗೆ ಶುರುವಾದರೆ ಬಡವರ ಮನೆಯ ಸರದಿ ತಾನಾಗಿಯೇ ತಪ್ಪುತ್ತದೆ. ಮೂರನೇ ವರ್ಷ: ಅಲ್ಲೇ ಸಂಡೇ ಸ್ಕೂಲ್, ಅಲ್ಲಿಯವರೇ ಟೀಚರ್. ಹತ್ತನೇ ವರ್ಷ: ಬಾಡಿಗೆ ಹಾಲಿನಲ್ಲಿ ಭಾನುವಾರದ ಆರಾಧನೆ, ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವಷ್ಟು ಕಾಣಿಕೆ. ಜಾಗ ಖರೀದಿಯ ಮಾತು ಅದಕ್ಕೂ ಮುಂಚೆ ಬಂದರೆ ತಡೆಯಿರಿ. ಮೊದಲು ಸೈಟು, ಆಮೇಲೆ ಜನ ಅಂತ ಹೋದ ಕಡೆ ಬೇಲಿ ಹಾಕಿದ ಸೈಟು ಮಾತ್ರ ಉಳಿದದ್ದನ್ನು ನೋಡಿದ್ದೇನೆ.

ಇದರ ಜೊತೆಗೆ ‘ನಿಲ್ಲಿಸುವುದು’ ಅಂತ ಒಂದು ಪಟ್ಟಿ ಬರೆಯಿರಿ. ನಮ್ಮಲ್ಲಿ ಅರುವತ್ತು ಜನ ಕೆಲಸ ಮಾಡುವವರಿಲ್ಲ, ಹದಿನೈದು ಜನ ಇದ್ದಾರೆ. ಅದೇ ಹದಿನೈದು ಜನ ಗಾಯನ ತಂಡ, ಸಂಡೇ ಸ್ಕೂಲ್, ಸುಗ್ಗಿ ಹಬ್ಬ, ಕ್ಯಾರಲ್ಸ್, ಎಲ್ಲದರಲ್ಲೂ. ಹೊಸದು ಬರಬೇಕಾದರೆ ಹಳೆಯದೇನೋ ಹೋಗಬೇಕು. ನಾವು ವಾರ್ಷಿಕ ಟ್ಯಾಲೆಂಟ್ ಷೋ ನಿಲ್ಲಿಸಿದೆವು. ಒಂದು ವರ್ಷ ಗೊಣಗಾಟ ಇತ್ತು.

ಹಂತ 6: ದುಡ್ಡು

ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಅಂತ ಲೂಕ 14ರಲ್ಲಿ ಯೇಸು ಕೇಳುತ್ತಾನೆ. ಖಜಾಂಚಿಯನ್ನು ಮೊದಲ ದಿನದಿಂದಲೇ ಕೂರಿಸಿಕೊಳ್ಳಿ. ಡಯಾಸಿಸ್‌ಗೆ ಕಟ್ಟಬೇಕಾದದ್ದು, ಸಂಬಳ, ಕರೆಂಟು, ರಿಪೇರಿ ಕಳೆದ ಮೇಲೆ ಎಷ್ಟು ಉಳಿಯುತ್ತದೆ ನೋಡಿ. ಬಹಳ ಸಭೆಗಳಲ್ಲಿ ಉಳಿಯುವುದು ಸೊನ್ನೆ. ಹಾಗಿದ್ದರೆ ಸಣ್ಣದಾಗಿ ಶುರು ಮಾಡಿ: ಸುಗ್ಗಿ ಹಬ್ಬದಲ್ಲಿ ಸಭಿಕರು ತಂದ ಬೆಳೆಯನ್ನು ಹರಾಜು ಹಾಕಿ ಬಂದ ಹಣ ಪೂರ್ತಿ ಈ ಮೂರು ಕೆಲಸಕ್ಕೆ ಅಂತ ಮಹಾಸಭೆಯಲ್ಲಿ ಠರಾವು ಮಾಡಿ. ಕುಂಬಳಕಾಯಿಯನ್ನು ಸಾವಿರ ರೂಪಾಯಿಗೆ ಕೂಗುವವರಿಗೆ ಆ ಹಣ ಎಲ್ಲಿ ಹೋಗುತ್ತದೆ ಅಂತ ಗೊತ್ತಿದ್ದರೆ ಸಾವಿರದ ಇನ್ನೂರಕ್ಕೆ ಕೂಗುತ್ತಾರೆ. ಬೇರೆ ಲೆಡ್ಜರ್, ಇಬ್ಬರ ಸಹಿ, ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ಬಾಕಿದಾರರ ಪಟ್ಟಿ ಹಾಕುತ್ತಿದ್ದ ಜಾಗದಲ್ಲಿ ಈಗ ನಮ್ಮ ಖರ್ಚಿನ ಹಾಳೆ ಇದೆ.

ವಿದೇಶದಲ್ಲಿರುವ ನಮ್ಮ ಮಕ್ಕಳ ಹತ್ತಿರ ಕೇಳುವ ಮುಂಚೆ ಎಚ್ಚರ. ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಡುವುದಕ್ಕೂ, ಅಲ್ಲಿಯ ಪೌರತ್ವ ಪಡೆದವರು ಕೊಡುವುದಕ್ಕೂ ವ್ಯತ್ಯಾಸವಿದೆ. ಆಡಿಟರನ್ನು ಕೇಳದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.

ಹಂತ 7: ಹೋಗುವ ಮಕ್ಕಳು

ಜಿಲ್ಲಾ ಕೇಂದ್ರದ ಸಭೆಗಳು ಕರಗುತ್ತಿರುವುದಕ್ಕೆ ದೊಡ್ಡ ಕಾರಣ ಬೆಂಗಳೂರು. ಓದಿದ ಮಕ್ಕಳು ಹೋಗುತ್ತಾರೆ, ತಡೆಯಲಾಗುವುದಿಲ್ಲ, ತಡೆಯಲೂಬಾರದು. ಯೋಜನೆಯಲ್ಲಿ ಅವರಿಗೆ ಜಾಗ ಇರಲಿ. ಮಗು ಹೊರಡುವ ವಾರ ಸಭೆಯ ಮುಂದೆ ಪ್ರಾರ್ಥನೆ ಮಾಡಿ, ಅಲ್ಲಿ ಸೇರಬಹುದಾದ ಕನ್ನಡ ಸಭೆಯ ಪಾಲಕರಿಗೆ ನೀವೇ ಫೋನ್ ಮಾಡಿ. ಮೂರು ತಿಂಗಳ ನಂತರ ಇನ್ನೊಂದು ಫೋನ್. ಅಷ್ಟೇ. ಸಂಖ್ಯೆಯ ಲೆಕ್ಕದಲ್ಲಿ ಇದು ನಮಗೆ ನಷ್ಟ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ 1.87. ಇಷ್ಟು ಸಣ್ಣ ಮಂದೆಯಲ್ಲಿ ‘ನಿಮ್ಮ ಸಭೆ, ನಮ್ಮ ಸಭೆ’ ಅಂತ ಕುರಿ ಎಣಿಸುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದ ಸಭೆಯಿಂದ ಬಂದ ಕುಟುಂಬವನ್ನು ಬೆಳವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಕಾಲಂ ಮಾಡಿ.

ಹಂತ 8: ಹಸಿರು ಫೈಲು

ನಡೆಸುವವರು ಹೋದ ಮೇಲೂ ಸಭೆ ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಮೊದಲು ಒಂದು ಹಳೆಯ ಕಥೆ. 1834ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿನಲ್ಲಿ ಇಳಿದರು. ಹೆಬಿಕ್, ಲೇನರ್, ಗ್ರೈನರ್. ಮುಂದೆ ಶಾಲೆಗಳಾದವು, 1841ರಲ್ಲಿ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. ಜಾತಿಯಿಂದ ಹೊರಬಿದ್ದು ದುಡಿಮೆ ಕಳೆದುಕೊಂಡವರಿಗೆ ಮಿಷನ್ ಕೆಲಸ ಕೊಟ್ಟಿತು. ಒಳ್ಳೆಯದೇ. ಆದರೆ ಕೂಲಿ, ಮನೆ, ಚರ್ಚು ಮೂರೂ ಒಂದೇ ಕೈಯಲ್ಲಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಶತ್ರು ದೇಶದವರಾದರು, ಬಂಧನಕ್ಕೊಳಗಾದರು, ಕೊನೆಗೆ ದೇಶ ಬಿಟ್ಟರು. ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿದವು. ಆದರೂ ಭಾನುವಾರ ಗಂಟೆ ಬಾರಿಸುವುದು ನಿಲ್ಲಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಕನ್ನಡ, ತುಳು ಮಾತಾಡುವ ಉಪದೇಶಿಗಳು, ಶಾಲಾ ಮಾಸ್ತರರು, ಹಿರಿಯರು ಇದ್ದರು.

ನಮ್ಮ ಅಯ್ಯನವರ ವರ್ಗ ಅದಕ್ಕಿಂತ ದೊಡ್ಡ ಆಘಾತವೇನಲ್ಲ. ಆದರೂ ಪ್ರತಿ ಸಲ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೆ ನಾವು ಮಾಡಿದ್ದು ಒಂದು ಹಸಿರು ಫೈಲು. ಅದರಲ್ಲಿ ಆ ಒಂದು ವಾಕ್ಯ, ಮೂರು ಕೆಲಸ, ಯಾರು ಯಾವುದಕ್ಕೆ ಜವಾಬ್ದಾರರು, ಅವರ ಕೈಕೆಳಗೆ ಕಲಿಯುತ್ತಿರುವವರು ಯಾರು, ಎಲ್ಲಿ ಜಗಳ ಆಯಿತು, ಯಾವ ಮನೆಯನ್ನು ಯಾವಾಗ ಭೇಟಿ ಮಾಡಿದ್ದು, ಎಲ್ಲ ಇದೆ. ಮನೆಯವರ ಗುಟ್ಟು ಮಾತ್ರ ಬರೆಯುವುದಿಲ್ಲ. ಹೊಸ ಅಯ್ಯನವರು ಬಂದ ಮೊದಲ ತಿಂಗಳು ತಂಡದವರು ಅವರ ಜೊತೆ ಅದೇ ಎರಡು ಕಿಲೋಮೀಟರ್ ನಡೆಯುತ್ತಾರೆ. ಅವರಿಗೆ ಬದಲಿಸುವ ಹಕ್ಕಿದೆ, ಆದರೆ ಮೊದಲ ವರ್ಷ ನೋಡಿ ಆಮೇಲೆ ಅಂತ ವಿನಂತಿ ಮಾಡುತ್ತೇವೆ. ಇಲ್ಲಿಯವರೆಗೆ ಇಬ್ಬರು ಬಂದಿದ್ದಾರೆ, ಇಬ್ಬರೂ ಒಪ್ಪಿದರು. ಎರಡನೆಯವರು ಯೋಜನೆಯಲ್ಲಿ ನಮಗೆ ಹೊಳೆಯದೇ ಇದ್ದ ಒಂದು ತಪ್ಪು ತೋರಿಸಿದರು: ಮೂರೂ ಕೆಲಸಕ್ಕೆ ಗಂಡಸರೇ ಮುಖ್ಯಸ್ಥರು, ದುಡಿಯುವವರು ಹೆಂಗಸರು. ಆ ವರ್ಷವೇ ಬದಲಾಯಿಸಿದೆವು.

ಹಂತ 9: ನೋಡಿಕೊಳ್ಳುತ್ತಾ ಹೋಗುವುದು

ಮೂರು ತಿಂಗಳಿಗೊಮ್ಮೆ ತಂಡ ಕೂರಬೇಕು, ವರ್ಷಕ್ಕೊಮ್ಮೆ ಮಹಾಸಭೆಗೆ ಒಂದು ಪುಟದ ವರದಿ. ಎಣಿಸಬೇಕಾದದ್ದು ಕೆಲವೇ: ಹಬ್ಬವಿಲ್ಲದ ಭಾನುವಾರದ ಹಾಜರಿ, ಬರುವುದು ನಿಲ್ಲಿಸಿದ ಮನೆಗಳಲ್ಲಿ ಎಷ್ಟು ಮನೆಗೆ ಈ ವರ್ಷ ಹೋದೆವು, ಹೊಸದಾಗಿ ಪಾಠ ಮಾಡಲು, ಪ್ರಾರ್ಥನೆ ನಡೆಸಲು ಕಲಿತವರು ಎಷ್ಟು, ಲೇಔಟಿನ ಕೂಟಕ್ಕೆ ಬರುವವರು ಎಷ್ಟು. ದೀಕ್ಷಾಸ್ನಾನಕ್ಕೆ ಗುರಿ ಸಂಖ್ಯೆ ಇಡಬೇಡಿ. ನೆಡುವುದು, ನೀರು ಹೊಯ್ಯುವುದು ನಮ್ಮದು, ಬೆಳೆಸುವವನು ದೇವರು ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಸಂಖ್ಯೆಗೆ ಗುರಿ ಇಟ್ಟ ಕಡೆ ಅವಸರ ಬರುತ್ತದೆ, ಅವಸರ ಬಂದ ಕಡೆ ಹಂತ 4ರ ಗೆರೆಗಳು ಮೊದಲು ಅಳಿಸಿಹೋಗುತ್ತವೆ.

ಒಂದು ಕೆಲಸ ಸತತ ಎರಡು ವರ್ಷ ಮುಂದೆ ಹೋಗದಿದ್ದರೆ ಅದನ್ನು ಮುಚ್ಚಿ, ಯಾಕೆ ಮುಚ್ಚಿದೆವು ಅಂತ ಫೈಲಿನಲ್ಲಿ ಬರೆಯಿರಿ. ನಮ್ಮ ಬಿಸಿನೀರಿನ ಕೆಲಸ ಮೂರನೇ ವರ್ಷ ನಿಂತಿತು, ಯಾಕೆಂದರೆ ಆಸ್ಪತ್ರೆಯವರೇ ಗೀಸರ್ ಹಾಕಿಸಿದರು. ಈಗ ಅದೇ ಐದು ಜನ, ಅದೇ ಫ್ಲಾಸ್ಕುಗಳ ಜೊತೆ, ರಾತ್ರಿ ಎಂಟಕ್ಕೆ ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಕಾಯುವವರ ಹತ್ತಿರ ಕೂರುತ್ತಾರೆ. ಅವರಲ್ಲಿ ಒಬ್ಬರು ಆ ನೋಟಿಸ್ ಬೋರ್ಡಿನ ವಿಧವೆ. ಭಾನುವಾರದ ಆರಾಧನೆಗೆ ಅವರು ಇನ್ನೂ ಬರುತ್ತಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಏಳೂಮುಕ್ಕಾಲಿಗೇ ಬಂದು, ಫ್ಲಾಸ್ಕುಗಳನ್ನು ತೊಳೆದಿಟ್ಟಿರುತ್ತಾರೆ.